ಉಸಿರಿನ ಹೆಪ್ಪು

ನಮ್ಮೂರಲ್ಲಿ ಬಾಗಿಲು ಬಡಿಯುವುದೆಂದರೆ ಅಮರ್ಯಾದೆ. ಪ್ರತಿ ಬಾಗಿಲಿಗೂ ಬಾಯಿಯ ಎತ್ತರಕ್ಕೆ ಒಂದು ಕಿಂಡಿ ಇದೆ. ಬಂದವರು ಅದಕ್ಕೆ ಮುಖ ಕೊಟ್ಟು ಒಮ್ಮೆ ಉಸಿರು ಬಿಡುತ್ತಾರೆ, ಒಳಗಿದ್ದವರು ಮೂಗಿನಲ್ಲೇ ಗುರುತು ಹಿಡಿದು ಚಿಲಕ ತೆಗೆಯುತ್ತಾರೆ. ಮಕ್ಕಳಿಗೆ ಕೆಳಗಡೆ ಬೇರೆ ಕಿಂಡಿ. ಬೇಡದ ನೆಂಟರು ಉಸಿರು ಬಿಟ್ಟರೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ ಸುಮ್ಮನೆ ಕೂರುವವರೂ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು. ಹೊರಗೆ ನಿಂತು ಹೆಸರು ಕೂಗುವವರು ಪರ ಊರಿನವರು ಮಾತ್ರ: ಪಾತ್ರೆ ಮಾರುವವನು, ಕರೆಂಟ್ ಮೀಟರ್ ನೋಡುವವನು, ದಾರಿ ತಪ್ಪಿ ಬಂದ ಲಾರಿ ಡ್ರೈವರ್. ಅವರಿಗೆ ಕೂಗಿನವರು ಎನ್ನುತ್ತೇವೆ. ಕುಡಿಯಲು ನೀರು ಕೊಡುತ್ತೇವೆ, ಒಳಗೆ ಕರೆಯುವುದಿಲ್ಲ.

ನಾನು ಹೇಳುತ್ತಿರುವುದು ಬಾಯಿಯ ವಾಸನೆಯಲ್ಲ. ಬೆಳ್ಳುಳ್ಳಿ ತಿಂದದ್ದು, ಎಲೆ ಅಡಿಕೆ ಹಾಕಿದ್ದು ಎಲ್ಲ ಮೇಲಿನದು, ಮುಕ್ಕಳಿಸಿದರೆ ಹೋಯಿತು. ಎದೆಯ ಆಳದಿಂದ ಬರುವುದು ಬೇರೆ. ಅದು ಆಯಾ ಮನೆಯದು. ತಾಯಿ ಎದೆಗವಚಿಕೊಂಡಾಗ ಬಂದದ್ದು, ಅಕ್ಕ ತಮ್ಮ ಒಂದೇ ಹಾಸಿಗೆಯಲ್ಲಿ ಮಲಗಿ ಹಂಚಿಕೊಂಡದ್ದು. ಅದರ ಗುರುತು ಕೆಡಬಾರದೆಂದು ನಮ್ಮಲ್ಲಿ ಯಾರೂ ಊದುಬತ್ತಿ ಹಚ್ಚುವುದಿಲ್ಲ, ಹೆಂಗಸರು ಮಲ್ಲಿಗೆ ಮುಡಿಯುವುದಿಲ್ಲ. ಮದುವೆಗೂ ಕನಕಾಂಬರ, ಸಾವಿಗೂ ಕನಕಾಂಬರ.

ಮದುವೆಯ ದಿನ ಗಂಡು ಹೆಣ್ಣನ್ನು ಒಂದು ಹೊಸ ಕೌದಿಯ ಕೆಳಗೆ ಕೂರಿಸುತ್ತಾರೆ. ಹಿರಿಯರು ಸಾಕು ಎನ್ನುವವರೆಗೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳಬೇಕು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಆ ಕೌದಿಗಳನ್ನು ಹೊಲಿಯುವವಳು ನಾನು, ಹಾಲಮ್ಮ. ಊರಿನ ಅರ್ಧಕ್ಕರ್ಧ ಸಂಸಾರಗಳು ನನ್ನ ಕೌದಿಯ ಕೆಳಗೇ ಶುರುವಾದವು. ಅವುಗಳಲ್ಲಿ ಕೆಲವು ಬೀದಿಗೆ ಬಂದಿದ್ದರೆ ಅದು ನನ್ನ ಹೊಲಿಗೆಯ ತಪ್ಪಲ್ಲ. ವರ್ಷ ಕಳೆಯುವುದರೊಳಗೆ ಇಬ್ಬರ ಉಸಿರೂ ಬೆರೆಯುತ್ತದೆ. ಆಮೇಲೆ ಒಬ್ಬರು ಸತ್ತರೂ ಅವರ ಉಸಿರು ಉಳಿದವರ ಎದೆಯಲ್ಲಿ ಇರುತ್ತದೆ. ಹಾಗೆ ಉಳಿದವರಿಗೆ ಎರಡುಸಿರಿನವರು ಎಂದು ಹೆಸರು. ನಾನು ಎರಡುಸಿರಿನವಳು.

ನನ್ನ ಗಂಡನ ಹೆಸರು ಕೊಟ್ರಪ್ಪ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಮ್ಮತ್ತೆ ಕಟ್ಟಪ್ಪಣೆ ಮಾಡಿದ್ದರು, ಅತ್ತೆ ಇದ್ದಾಗಲೂ ಹೋದ ಮೇಲೂ ನಾನು ಹೇಳಲಿಲ್ಲ, ಒಂದೇ ಒಂದು ಸಲ ಬಿಟ್ಟು. ಇಲ್ಲಿ ಬರೆಯುತ್ತಿದ್ದೇನೆ, ಬರೆದರೆ ತಪ್ಪು ಅಂತ ಅತ್ತೆ ಹೇಳಿರಲಿಲ್ಲ. ನನ್ನ ಗಂಡ ಸುಣ್ಣದ ಗೂಡಿನಲ್ಲಿ ಕಲ್ಲು ಸುಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ, ಹರೆಯದಲ್ಲೇ ಮುದುಕ. ಮಾತು ಕಡಿಮೆ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ತಮ್ಮ ಪಲ್ಯ ದಾಟಿಸಿ ಏನೂ ಗೊತ್ತಿಲ್ಲದವರ ಹಾಗೆ ಗೋಡೆ ನೋಡುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಆ ಪಲ್ಯಕ್ಕೆ ಬೇರೆ ಯಾರೂ ಪಾಲುದಾರರಿರಲಿಲ್ಲ.

ಕಡೆಕಡೆಗೆ ಅವರ ಉಸಿರು ಸಿಹಿಯಾಗುತ್ತಾ ಹೋಯಿತು. ಬೇಲದ ಹಣ್ಣಿಗೆ ಬೆಲ್ಲ ಹಾಕಿ ಕಿವುಚಿದರೆ ಬರುತ್ತದಲ್ಲ, ಆ ವಾಸನೆ. ಊರಿಗೆ ಊರೇ ಮೆಚ್ಚಿಕೊಂಡಿತು. ನಮ್ಮಲ್ಲಿ ಸಿಹಿ ಉಸಿರು ಎಂದರೆ ಪುಣ್ಯವಂತರ ಗುರುತು. ಮದುವೆಗಳಲ್ಲಿ ಕೌದಿಗೆ ಮೊದಲ ಉಸಿರು ಬಿಡಲು ಅವರನ್ನೇ ಕರೆಯುತ್ತಿದ್ದರು. ಅವರು ಉಸಿರು ಬಿಟ್ಟು, ಪಕ್ಕಕ್ಕೆ ತಿರುಗಿ, ಟವೆಲ್ಲಿನೊಳಗೆ ಕೆಮ್ಮುತ್ತಿದ್ದರು. ಇಷ್ಟು ಒಳ್ಳೆಯ ವಾಸನೆಯ ಮನುಷ್ಯ ಯಾಕೆ ಹೀಗೆ ಕೆಮ್ಮುತ್ತಾನೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನಾನು ಹೆಮ್ಮೆಯಲ್ಲಿದ್ದೆ.

ಕೇಳಿದವರು ಒಬ್ಬರೇ, ಅವರ ಅಕ್ಕ ಸಂಕಮ್ಮ. ಸಂಕಮ್ಮ ಮದುವೆಯಾದವರಲ್ಲ, ಊರಿನ ಆ ತುದಿಯಲ್ಲಿ ತವರಿನ ಮನೆಯಲ್ಲೇ ಒಬ್ಬರೇ ಇದ್ದವರು. ಒಂದು ಸಂಜೆ ನಮ್ಮಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇವರು ಗೂಡಿನಿಂದ ಬಂದು ಕಿಂಡಿಗೆ ಉಸಿರು ಬಿಟ್ಟರು. ನಾನು ಏಳುವಷ್ಟರಲ್ಲಿ ಸಂಕಮ್ಮ ಮೂಗೆಳೆದು, "ಯಾರೇ ಅದು? ಯಾವನೋ ಕೂಗಿನವನು ಕೂಗೋದು ಮರೆತಿದಾನೆ ನೋಡು" ಅಂದರು. ಬಾಗಿಲು ತೆಗೆದರೆ ನಿಂತಿದ್ದು ಅವರ ಒಡಹುಟ್ಟಿದ ತಮ್ಮ. ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. "ಇದು ನನ್ನ ತಮ್ಮನ ಉಸಿರಲ್ಲ. ಏನು ಮಾಡಿದ್ಯೇ ಅವನ್ನ?" ಎಂದು ನನ್ನ ಮೇಲೆ ತಿರುಗಿದರು. ನನಗೆ ಮೈಯೆಲ್ಲ ಉರಿಯಿತು. "ಮದುವೆ ಆದ್ಮೇಲೆ ಉಸಿರು ಬೆರೆಯುತ್ತೆ ಅತ್ತಿಗೆ. ಆದೋರಿಗೆ ಗೊತ್ತಾಗುತ್ತೆ ಅದು" ಅಂದೆ. ಸಂಕಮ್ಮ ಮಡಿಲಿನ ಅವರೆಕಾಯಿಯನ್ನು ಮೊರಕ್ಕೆ ಸುರಿದು ಎದ್ದು ಹೋದರು. ಮತ್ತೆ ನಮ್ಮ ಕಿಂಡಿಗೆ ಅವರ ಉಸಿರು ಬೀಳಲಿಲ್ಲ. ತಮ್ಮ ತೀರಿಕೊಂಡಾಗಲೂ ಬೀದಿಯ ಆಚೆ ನಿಂತು ನೋಡಿ, ಅಲ್ಲಿಂದಲೇ ತಿರುಗಿದರು.

ಗಂಡ ಹೋದ ಮೇಲೆ ನನಗೊಂದು ಚಾಳಿ ಬಿತ್ತು. ನಮ್ಮ ಉಸಿರು ನಮ್ಮ ಮೂಗಿಗೆ ಹತ್ತುವುದಿಲ್ಲ. ಆದರೆ ಹೊರಗಿನಿಂದ ಕಿಂಡಿಗೆ ಬಿಟ್ಟು, ಒಳಗೆ ಹೋಗಿ, ಬಾಗಿಲ ಹಿಂದೆ ನಿಂತರೆ ಅದು ಸ್ವಲ್ಪ ಬೇರೆಯವರದಾಗಿರುತ್ತದೆ. ದಿನಾ ಸಂಜೆ, ಗೂಡಿನ ಕೆಲಸ ಬಿಡುವ ಹೊತ್ತಿಗೆ, ನಾನು ಹೊರಗೆ ನಿಂತು ನನ್ನ ಮನೆಯ ಕಿಂಡಿಗೆ ನಾನೇ ಉಸಿರು ಬಿಡುತ್ತಿದ್ದೆ. ಆಮೇಲೆ ಸೆರಗು ಎತ್ತಿ ಕಟ್ಟಿಕೊಂಡು ಒಳಗೆ ಓಡುತ್ತಿದ್ದೆ, ಆರುವ ಮುಂಚೆ ಹಿಡಿಯಬೇಕಲ್ಲ. ಬಾಗಿಲ ಹಿಂದಿನ ಆ ಗೇಣು ಜಾಗದಲ್ಲಿ ಬೇಲದ ಹಣ್ಣು, ಬೆಲ್ಲ. "ಬಂದ್ರಾ" ಅನ್ನುತ್ತಿದ್ದೆ. ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು. ಅನ್ನಲಿ. ದಿನದಲ್ಲಿ ನಾನು ಒಬ್ಬಳೇ ಅಲ್ಲದ ಹೊತ್ತು ಅದೊಂದೇ.

ಊರಿನವರೂ ಅದಕ್ಕೆ ಹೊಂದಿಕೊಂಡಿದ್ದರು. ಕೌದಿ ಕೊಡಲು ಹೋಗಿ ಕಿಂಡಿಗೆ ಉಸಿರು ಬಿಟ್ಟರೆ ಒಳಗಿಂದ, "ಕೊಟ್ರಪ್ಪನೂ ಹಾಲಮ್ಮನೂ ಬಂದ್ರು" ಎನ್ನುತ್ತಿದ್ದರು. ಎರಡುಸಿರಿನವರನ್ನು ಹಾಗೆ ಜೋಡಿಯಾಗಿ ಕರೆಯುವುದೇ ಪದ್ಧತಿ. ಹೋದ ಚಳಿಗಾಲದಲ್ಲಿ ಅದು ಬದಲಾಯಿತು. ಪಕ್ಕದ ಮನೆ ರುದ್ರಾಂಬ ಬಾಗಿಲು ತೆಗೆದವಳೇ ನಕ್ಕಳು. "ಇವತ್ತು ಕೊಟ್ರಪ್ಪಣ್ಣ ಒಬ್ಬನೇ ಬಂದ ಅಂದ್ಕೊಂಡೆ ಕಣೇ. ನಿಂದು ಎಲ್ಲಿ ಹೋಯ್ತು?" ಎಂದಳು. ನನ್ನದು ಹಸಿ ಕೊತ್ತಂಬರಿಯ ಉಸಿರು, ತವರಿನದು. ಅದು ದಿನೇ ದಿನೇ ಸಣ್ಣದಾಗಿ, ಕೊನೆಗೆ ಎಲ್ಲ ಬಾಗಿಲುಗಳ ಹಿಂದೆಯೂ ಕೊಟ್ರಪ್ಪ ಬಂದ, ಕೊಟ್ರಪ್ಪ ಬಂದ ಎಂದೇ ಆಯಿತು. ನಾನು ಬೆದರಬೇಕಿತ್ತು. ಬೆದರಲಿಲ್ಲ, ಹಿಗ್ಗಿದೆ. ನಾನು ಅಳಿದು ಅವರು ಉಳಿಯುವುದಾದರೆ ಇನ್ನೇನು ಬೇಕು ಅಂದುಕೊಂಡೆ. ಕೆಮ್ಮು ಬಂದಾಗಲೂ ಶುಂಠಿ ಜಗಿದು ಸುಮ್ಮನಾದೆ. ಒಂದು ಬೆಳಿಗ್ಗೆ ಹೊಲಿಯುತ್ತಿದ್ದ ಬಿಳಿ ಅಂಚಿನ ಮೇಲೆ ರಕ್ತದ ಚುಕ್ಕೆ ಬಿತ್ತು. ಸೂಜಿ ಚುಚ್ಚಿತೇನೋ ಎಂದು ಬೆರಳು ನೋಡಿಕೊಂಡೆ. ಬೆರಳು ಸರಿಯಾಗಿತ್ತು.

ಆಸ್ಪತ್ರೆಯ ಡಾಕ್ಟರ್ ತಸ್ನೀಮ್ ಪರ ಊರಿನವರು. ಮನೆಗಳಿಗೆ ಹೋದರೆ ಪಾಪ, ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ. ನನ್ನ ಎದೆಯ ಫೋಟೋ ತೆಗೆಸಿದರು, ಮೂಗಿನಿಂದ ಒಂದು ಕೊಳವೆ ಇಳಿಸಿ ಒಳಗಿನ ನೀರು ತೆಗೆದು ದೂರದ ಪಟ್ಟಣಕ್ಕೆ ಕಳಿಸಿದರು. ಉತ್ತರ ಬಂದ ದಿನ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದರು. "ಕ್ಯಾನ್ಸರ್ ಹಾಲಮ್ಮ. ಎಡ ಶ್ವಾಸಕೋಶದಲ್ಲಿ ಗಡ್ಡೆ ಇದೆ. ಆದ್ರೆ ಚಿಕ್ಕದು, ತೆಗೀಬಹುದು."

ಅವರೇ ಮುಂದುವರಿಸಿದರು. "ಇನ್ನೊಂದು ವಿಷಯ ಇದೆ. ಎಲ್ಲರ ಉಸಿರಿನ ದಾರಿಯಲ್ಲೂ ಕಣ್ಣಿಗೆ ಕಾಣದ ಜೀವಿಗಳು ಇರ್ತವೆ. ಹಿಂದೆಲ್ಲ ಶ್ವಾಸಕೋಶ ಖಾಲಿ ಅಂದ್ಕೊಂಡಿದ್ರು, ಖಾಲಿ ಅಲ್ಲ. ಅವು ಏನೋ ತಿಂತವೆ, ಏನೋ ಹೊರಗೆ ಬಿಡ್ತವೆ. ನಿಮ್ಮೂರಿನವರು ಮೂಗಲ್ಲಿ ಗುರುತು ಹಿಡಿಯೋದು ಅದನ್ನೇ."

"ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಂಗಾ?" ಎಂದೆ.

"ಹಂಗೇ. ಒಳ್ಳೆ ಹೆಪ್ಪಿದ್ರೆ ಒಳ್ಳೆ ಮೊಸರು. ತುಂಬಾ ತರದ ಜೀವಿಗಳು ಒಟ್ಟಿಗಿದ್ರೆ ಒಂದನ್ನೊಂದು ಹದ್ದುಬಸ್ತಲ್ಲಿ ಇಡ್ತವೆ. ನಿಮ್ಮ ಎದೇಲಿ ಮಿಕ್ಕಿದ್ದೆಲ್ಲ ಹೋಗಿ ಒಂದೇ ಜಾತಿ ತುಂಬ್ಕೊಂಡಿದೆ. ಅದು ಬಿಡೋ ಪದಾರ್ಥ ಸಿಹಿ ವಾಸನೆ. ಆ ಪದಾರ್ಥ ಒಳಗೆ ಊತ ತರುತ್ತೆ, ಗಡ್ಡೆಗೆ ಬೆಳೆಯೋಕೆ ಅನುಕೂಲ ಮಾಡಿಕೊಡುತ್ತೆ ಅಂತ ನಮ್ಮ ಅನುಮಾನ. ಎಲ್ಲ ಗೊತ್ತಾಗಿದೆ ಅಂತ ನಾನು ಹೇಳಲ್ಲ. ಆದ್ರೆ ಗಡ್ಡೆ ತೆಗೆದು ಇದನ್ನ ಹಾಗೇ ಬಿಡೋಕೆ ನನಗೆ ಧೈರ್ಯ ಇಲ್ಲ."

"ಸಿಹಿ ವಾಸನೆ ನಮ್ಮ ಯಜಮಾನ್ರದ್ದು" ಎಂದೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಅವರಿಂದಲೇ ಬಂದಿರಬೇಕು. ಗೂಡಿನ ಧೂಳು ಕೂತು ಅವರ ಎದೇಲಿ ಗಾಯ ಆಗಿ, ಅಲ್ಲಿ ಇದು ನೆಲೆ ಮಾಡಿರಬೇಕು. ಆಪರೇಷನ್ ಆದ್ಮೇಲೆ ಔಷಧಿ ಕೊಡ್ತೀನಿ. ಎದೆಯೊಳಗಿರೋದೆಲ್ಲ ತೊಳೆದ ಹಾಗೆ ಹೋಗುತ್ತೆ."

"ಅವರೂ ಹೋಗ್ತಾರಾ?"

ಡಾಕ್ಟರ್ ತಸ್ನೀಮ್‌ಗೆ ನಾನು ಕೇಳಿದ್ದು ಅರ್ಥವಾಯಿತು. ಸುಳ್ಳು ಹೇಳದೆ, ಹೌದೆಂದು ತಲೆ ಆಡಿಸಿದರು. ನಾನು ಚೀಲ ಎತ್ತಿಕೊಂಡು, ನನಗೆ ಯಾವ ಆಪರೇಷನ್ನೂ ಬೇಡ ಎಂದು ಹೇಳಿ ಮನೆಗೆ ಬಂದೆ. ದಾರಿಯುದ್ದಕ್ಕೂ ಸಿಟ್ಟು. ಬದುಕಿದ್ದಾಗ ಸುಣ್ಣದ ಗೂಡು ಅವರನ್ನು ತಿಂದಿತು, ಉಳಿದ ಒಂದು ಉಸಿರನ್ನೂ ಆಸ್ಪತ್ರೆಯವರು ಕೇಳುತ್ತಾರೆ. ಕೊಡುವುದಿಲ್ಲ. ಒಬ್ಬಳೇ ಮುದುಕಿಯಾಗಿ ಬದುಕುವುದಕ್ಕಿಂತ ಅವರ ಜೊತೆ ಬೇಗ ಹೋಗುವುದೇ ವಾಸಿ ಎಂದುಕೊಂಡೆ, ಮತ್ತು ಅದನ್ನು ನಿಜವಾಗಿಯೇ ಅಂದುಕೊಂಡೆ.

ಆ ಸಂಜೆಯೂ ಎಂದಿನಂತೆ ಕಿಂಡಿಗೆ ಉಸಿರು ಬಿಟ್ಟು ಒಳಗೆ ಓಡಿದೆ. ಓಡಿದ್ದಕ್ಕೆ ಕೆಮ್ಮು ಹತ್ತಿ ಬಾಗಿಲು ಹಿಡಿದು ನಿಂತೆ. ವಾಸನೆ ಘಮ್ಮೆಂದು ತುಂಬಿತ್ತು. ಸಾಯುವುದೇ ಆದರೆ ಇವರ ಎಲ್ಲವನ್ನೂ ನೆನೆಸಿಕೊಂಡು ಸಾಯೋಣ ಎಂದು ಮೊದಲಿನಿಂದ ಶುರು ಮಾಡಿದೆ. ಮದುವೆಯ ದಿನ, ಕೌದಿಯ ಕೆಳಗೆ. ಅತ್ತೆಯ ಹಸಿರು ಸೀರೆಯ ತುಂಡು ನನ್ನ ಕಣ್ಣೆದುರಿಗಿತ್ತು. ಇವರ ಮೊಣಕಾಲು ನಡುಗುತ್ತಿತ್ತು. ನಾನು ನಗು ತಡೆದುಕೊಂಡಿದ್ದೆ. ಅವರ ಉಸಿರು ಮೊದಲ ಸಲ ನನ್ನ ಮುಖಕ್ಕೆ ಬಂತು. ಅದು ಯಾವ ವಾಸನೆ? ಬೇಲದ ಹಣ್ಣು ಖಂಡಿತ ಅಲ್ಲ. ಬೇಲದ ಹಣ್ಣು ಬಂದದ್ದು ಕಡೆಗೆ. ಅದಕ್ಕೂ ಮುಂಚೆ ಅಷ್ಟು ವರ್ಷ ನಾನು ಮಗ್ಗುಲಲ್ಲಿ ಮಲಗಿ ಕುಡಿದ ಉಸಿರು ಯಾವುದು? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಅದು ಸ್ವಲ್ಪ ಸ್ವಲ್ಪವೇ ಬದಲಾದ್ದರಿಂದ ಹೋದದ್ದೇ ನನಗೆ ತಿಳಿದಿರಲಿಲ್ಲ.

ಆಗ ಸಂಕಮ್ಮನ ಮಾತು ನೆನಪಾಯಿತು. ಯಾವನೋ ಕೂಗಿನವನು ಎಂದಿದ್ದರು ಆಕೆ. ಸರಿಯಾಗಿಯೇ ಹೇಳಿದ್ದರು. ನನ್ನ ಗಂಡನ ಎದೆಗೆ ಪರಕೀಯನೊಬ್ಬ ಹೊಕ್ಕಿದ್ದ, ಊರೆಲ್ಲ ಅವನಿಗೆ ಕನಕಾಂಬರ ಮುಡಿಸಿ ಮೆರೆಸಿತು. ಅವರನ್ನು ಕೊಂದ ಮೇಲೆ ಅವನು ನನ್ನ ಎದೆಗೆ ಬಂದ. ನನ್ನ ಕೊತ್ತಂಬರಿಯನ್ನು ತಿಂದ. ಅವನನ್ನು ನಾನು ದಿನಾ ಸಂಜೆ ಓಡಿ ಬಂದು ಇದಿರುಗೊಂಡು, ಬಂದ್ರಾ ಎಂದು ಕೇಳುತ್ತಿದ್ದೆ. ಬಾಗಿಲ ಹಿಂದೆ ಕುಸಿದು ಕೂತು ಅತ್ತುಬಿಟ್ಟೆ. ಅವರು ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ, ಯಾಕೆಂದರೆ ಆಗ ಅವರು ನನ್ನಲ್ಲಿದ್ದಾರೆ ಎಂಬ ಧೈರ್ಯವಿತ್ತು. ಬೆಳಗಾದ ಮೇಲೆ ಆಸ್ಪತ್ರೆಗೆ ಹೋಗಿ, "ತೆಗೀರಿ" ಎಂದೆ.

ತೆಗೆದರು. ಔಷಧಿಯೂ ಮುಗಿಯಿತು. ಗಡ್ಡೆ ಪೂರ್ತಿ ಬಂದಿದೆ, ಆಗಾಗ ತೋರಿಸಿಕೊಂಡು ಹೋದರೆ ಸಾಕು ಎಂದರು ಡಾಕ್ಟರ್. ಪಕ್ಕೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಊರ ಬೀದಿಯಲ್ಲಿ ನಡೆದು ಬಂದು, ರುದ್ರಾಂಬನ ಕಿಂಡಿಗೆ ಉಸಿರು ಬಿಟ್ಟೆ. ಒಳಗೆ ಒಗ್ಗರಣೆಯ ಸದ್ದು. ಇನ್ನೊಮ್ಮೆ ಬಿಟ್ಟೆ. ಯಾರೂ ಬರಲಿಲ್ಲ. ನನ್ನ ಎದೆಯಲ್ಲಿ ಏನೂ ಉಳಿದಿರಲಿಲ್ಲ. ಬೀಸಣಿಗೆಯ ಗಾಳಿಗೂ ನನ್ನ ಉಸಿರಿಗೂ ವ್ಯತ್ಯಾಸವಿರಲಿಲ್ಲ. ಕೊನೆಗೆ, ಹುಟ್ಟಿದ ಮೇಲೆ ಮೊದಲ ಸಲ, ಬಾಗಿಲ ಹೊರಗೆ ನಿಂತು ನನ್ನ ಹೆಸರನ್ನು ನಾನೇ ಕೂಗಿದೆ. "ಹಾಲಮ್ಮ. ನಾನು ಹಾಲಮ್ಮ." ಧ್ವನಿ ನನ್ನದೇ ಅನ್ನಿಸಲಿಲ್ಲ.

ರುದ್ರಾಂಬ ಒಳ್ಳೆಯವಳು. ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದಳು, ಉಪ್ಪಿಟ್ಟು ಕೊಟ್ಟಳು. ಆದರೆ ಒಳಗೆ ಬಾ ಎನ್ನಲಿಲ್ಲ. ಜೀವಿಗಳು ಮತ್ತೆ ಬರಬೇಕಾದರೆ ಜನರ ಜೊತೆ ಕೂತು ಎದ್ದು ಮಾಡಬೇಕಂತೆ ಎಂದು ಡಾಕ್ಟರ್ ಹೇಳಿದ್ದನ್ನು ತಿಳಿಸಿದೆ. ಅವಳು ಸೆರಗಿನ ಚುಂಗು ತಿರುಚಿದಳು. "ನಮ್ಮ ಹುಡುಗೀಗೆ ಗಂಡು ನೋಡ್ತಿದೀವಲ್ಲ ಹಾಲಕ್ಕ. ಬಂದೋರು ಕಿಂಡೀಲಿ ಮನೆ ಉಸಿರು ನೋಡ್ತಾರೆ. ಬೆರಕೆ ಆಗಿದೆ ಅಂದ್ಬಿಟ್ರೆ? ತಪ್ಪು ತಿಳ್ಕೋಬೇಡ ಕಣೆ." ನಾನು ತಪ್ಪು ತಿಳಿಯಲಿಲ್ಲ. ನಮ್ಮಲ್ಲಿ ಉಸಿರು ಕೊಡುವುದು ರಕ್ತದವರಿಗೆ, ಇಲ್ಲವೇ ಕೌದಿಯ ಕೆಳಗೆ ಕೂತವರಿಗೆ. ನನಗೆ ಇಬ್ಬರೂ ಇರಲಿಲ್ಲ. ಮೊಸರಿನ ಹೆಪ್ಪು ಮುಗಿದರೆ ಬಟ್ಟಲು ಹಿಡಿದು ಹತ್ತು ಮನೆ ತಿರುಗಬಹುದು. ಇದಕ್ಕೆ ಏನು ಹಿಡಿದುಕೊಂಡು ಹೋಗಲಿ?

ಮದುವೆ ಕೌದಿಗಳು ಬರುವುದು ನಿಂತಿತು. ಮಕ್ಕಳು ನಾನು ಹೋಗುವಾಗ, "ಕೂಗಿನಜ್ಜಿ, ಕೂಗು" ಎಂದು ಚುಡಾಯಿಸುತ್ತಿದ್ದವು. ಕೂಗಿದರೆ ಅವಕ್ಕೆ ಖುಷಿ, ಹಾಗಾಗಿ ಒಂದೆರಡು ಸಲ ಕೂಗಿಯೂ ಕೂಗಿದೆ. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಗೂಡಿನ ಕೆಲಸ ಬಿಡುವ ಹೊತ್ತಿಗೆ ಕಾಲು ತಾನಾಗಿ ಹೊರಗೆ ಹೋಗುತ್ತಿತ್ತು. ಕಿಂಡಿಗೆ ಉಸಿರು ಬಿಡುತ್ತಿದ್ದೆ, ಒಳಗೆ ಬರುತ್ತಿದ್ದೆ, ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಮರದ ವಾಸನೆ, ತುಕ್ಕಿನ ವಾಸನೆ. ನಾನೂ ಬರುತ್ತಿರಲಿಲ್ಲ, ಅವರೂ ಬರುತ್ತಿರಲಿಲ್ಲ. ಹಾಗಾದರೆ ಬದುಕಿ ಉಳಿದದ್ದು ಯಾರು?

ಸಂಕಮ್ಮನ ಮನೆಗೆ ಹೋಗಬೇಕೆಂದು ಅನ್ನಿಸಿದ್ದು ಏನನ್ನೋ ಕೇಳುವುದಕ್ಕಲ್ಲ. ನೀವು ಹೇಳಿದ್ದು ನಿಜವಾಗಿತ್ತು ಎಂಬ ಒಂದು ಮಾತು ಆಕೆಗೆ ಸಲ್ಲಬೇಕಿತ್ತು, ಅಷ್ಟೇ. ತಮ್ಮನನ್ನು ಗುರುತು ಹಿಡಿಯದ ಅಕ್ಕ ಎಂದು ಊರು ಆಕೆಯನ್ನು ಆಡಿಕೊಂಡಿತ್ತು, ಊರಿಗೆ ಅದನ್ನು ಹೇಳಿದವಳು ನಾನೇ. ಮಧ್ಯಾಹ್ನದ ಬಿಸಿಲಲ್ಲಿ ಆ ತುದಿಗೆ ನಡೆದೆ. ಹಳೆಯ ಬಾಗಿಲು, ಬಾಯಿ ತಾಗಿ ತಾಗಿ ನುಣುಪಾದ ಕಿಂಡಿ. ಕೆಳಗೆ ಮಕ್ಕಳ ಕಿಂಡಿ, ನನ್ನ ಗಂಡ ಚಿಕ್ಕಂದಿನಲ್ಲಿ ಉಸಿರು ಬಿಟ್ಟದ್ದು. ಅಭ್ಯಾಸಬಲದಿಂದ ಒಮ್ಮೆ ಉಸಿರು ಬಿಟ್ಟೆ. ಆಮೇಲೆ ಗಂಟಲು ಸರಿ ಮಾಡಿಕೊಂಡು ಕೂಗಿದೆ. "ಹಾಲಮ್ಮ ಬಂದಿದೀನಿ ಅತ್ತಿಗೆ."

ಒಳಗೆ ಏನೋ ಇಟ್ಟ ಸದ್ದಾಯಿತು. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಚಿಲಕ ಅಲುಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹಾಗೆ ಸುಮ್ಮನಿರುವುದು ಹೇಗೆಂದು ನನಗೆ ಗೊತ್ತಿಲ್ಲವೇ. "ಬಾಗಿಲು ತೆಗೀಬೇಡಿ ಬಿಡಿ. ಹೇಳಿ ಹೋಗ್ತೀನಿ" ಎಂದು ಕಿಂಡಿಗೆ ಮುಖ ಕೊಟ್ಟೆ. "ಆವತ್ತು ನೀವಂದಿದ್ದು ನಿಜ. ಅದು ಅವರ ಉಸಿರಾಗಿರಲಿಲ್ಲ. ಅದು ಕಾಯಿಲೆ. ನನಗೂ ಬಂದಿತ್ತು, ತೆಗೆಸಿದೆ. ಈಗ ನನ್ನತ್ರ ಏನೂ ಇಲ್ಲ. ಅವರು ಮೊದಲು ಹೆಂಗಿದ್ರು ಅಂತಾನೂ ನನಗೆ ನೆನಪಿಲ್ಲ ಅತ್ತಿಗೆ." ಮಾತು ಮುಗಿದಿತ್ತು, ಆದರೆ ತಿರುಗಿ ಹೋಗಲು ಕಾಲು ಬರಲಿಲ್ಲ. ಹಣೆಯನ್ನು ಬಾಗಿಲಿಗೆ ಒತ್ತಿ ನಿಂತೆ.

ಆಗ ಕಿಂಡಿಯ ಆಚೆಯಿಂದ ಉಸಿರು ಬಂತು. ಒಳಗಿದ್ದವರು ಹೊರಗಿನವರಿಗೆ ಕಿಂಡಿಯಲ್ಲಿ ಉಸಿರು ಬಿಡುವುದು ನಮ್ಮೂರಲ್ಲಿ ಇಲ್ಲ. ಅದನ್ನು ಯಾರೂ ಮಾಡುವುದಿಲ್ಲ. ವಯಸ್ಸಾದ ಎದೆಯಿಂದ ಎಳೆದು ಎಳೆದು ಬಂದ ನಿಧಾನದ ಉಸಿರು ನನ್ನ ಮುಖದ ಮೇಲೆ ಬಿತ್ತು. ಯಾರ ಜೊತೆಗೂ ಬೆರೆಯದೆ ಆ ಮನೆಯಲ್ಲೇ ಉಳಿದ ಉಸಿರು. ಹಸಿ ಶೇಂಗಾ. ಆಗತಾನೆ ಕಿತ್ತು, ಇನ್ನೂ ಮಣ್ಣು ಮೆತ್ತಿಕೊಂಡಿರುವ ಹಸಿ ಶೇಂಗಾಕಾಯಿಯ ವಾಸನೆ. ಹಸಿರು ಸೀರೆಯ ತುಂಡು ಕಣ್ಣ ಮುಂದೆ ಬಂತು, ನಡುಗುವ ಮೊಣಕಾಲು ಬಂತು, ಹಿರಿಯರು ಸಾಕು ಸಾಕು ಎಂದರೂ ಕೌದಿ ಸರಿಸದೆ ಕೂತಿದ್ದ ಇಪ್ಪತ್ತರ ಹುಡುಗ ಬಂದ. ನಾನು ಬಾಯಿ ತೆರೆದು ಅದನ್ನು ಎದೆಯ ತಳದವರೆಗೆ ಎಳೆದುಕೊಂಡೆ, ಪಕ್ಕೆಯ ಹೊಲಿಗೆ ಜಗ್ಗುವಷ್ಟು. ಅತ್ತೆಯ ಅಪ್ಪಣೆ ಮರೆತು, ಬೀದಿಯಲ್ಲಿ ನಿಂತಿದ್ದೇನೆಂಬುದನ್ನೂ ಮರೆತು, ಗಟ್ಟಿಯಾಗಿ ಹೆಸರು ಹಿಡಿದು ಕರೆದುಬಿಟ್ಟೆ.

"ಕೊಟ್ರಪ್ಪಾ!"

ಒಳಗೆ ಮೂಗೊರೆಸಿಕೊಳ್ಳುವುದು ಕೇಳಿಸಿತು, ಚಿಲಕ ಸರಿಯಿತು.

"ಅವನಲ್ಲ, ನಾನು ಕಣೇ" ಎಂದರು ಸಂಕಮ್ಮ. "ಬಾ ಒಳಗೆ."